ಜಗಳ ಬೆಳಗ್ಗೆಯೇ ಮುಗಿಸಿ: ಶೋರೂಮಿನ ವರ್ಕ್‌ಶಾಪಿಗೆ ಕಾರು ಬಿಡುವವರಿಗೆ

ಶೋರೂಮಿನ ವರ್ಕ್‌ಶಾಪಿನಲ್ಲಿ ಜಗಳ ಆಗುವುದು ಸಂಜೆ, ಕ್ಯಾಶ್ ಕೌಂಟರಿನ ಎದುರು. ಅಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತದೆ, ಬಿಲ್ಲು ಪ್ರಿಂಟಾಗಿರುತ್ತದೆ, ಮನೆಯಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ. ಆಗ ಎಷ್ಟು ಗಂಟಲು ಹರಿದುಕೊಂಡರೂ ಒಂದಿಷ್ಟು ಡಿಸ್ಕೌಂಟ್ ಹಾಕಿ ಸಾಗಹಾಕುತ್ತಾರೆ. ಗಟ್ಟಿಯಾಗಿ ಮಾತಾಡಬೇಕಾದ್ದು ಬೆಳಗ್ಗೆ, ಜಾಬ್ ಕಾರ್ಡಿಗೆ (ನಮ್ಮ ದೂರು, ಮಾಡಬೇಕಾದ ಕೆಲಸ ಬರೆಯುವ ಕಾಗದ) ಸಹಿ ಹಾಕುವ ಮೊದಲು. ಆಗ ಕಾರಿನ ಕೀ ಇನ್ನೂ ನಮ್ಮ ಕೈಯಲ್ಲಿರುತ್ತದೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಸಹಕಾರಿ ಸಂಘವೊಂದರಲ್ಲಿ ಸಾಲದ ಫೈಲು ನೋಡುವ ಕೆಲಸ. ಯಾರು ಏನು ಹೇಳಿದರು ಅನ್ನುವುದಕ್ಕೆ ನಮ್ಮಲ್ಲಿ ಕಾಸಿನ ಬೆಲೆ ಇಲ್ಲ. ಕಾಗದದಲ್ಲಿ ಏನಿದೆ, ಯಾರ ಸಹಿ ಇದೆ, ಅಷ್ಟೇ. ಆ ಅಭ್ಯಾಸವೇ ನನಗೆ ವರ್ಕ್‌ಶಾಪಿನಲ್ಲೂ ಉಪಕಾರಕ್ಕೆ ಬಂತು. ಕಾರು ಒಂದು ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೆಎಲ್ 14 ನಂಬರಿನದು. ಓಡಿಸುವುದು, ಸರ್ವಿಸಿಗೆ ಬಿಡುವುದು ಎಲ್ಲ ನಾನೇ. ನಮ್ಮವರಿಗೆ ಬೈಕ್ ಬಿಟ್ಟರೆ ಬೇರೆ ಆಸಕ್ತಿ ಇಲ್ಲ. ಕಾಸರಗೋಡಿನಲ್ಲಿ ಸರ್ವಿಸ್ ಅಡ್ವೈಸರ್ (ಗಿರಾಕಿಯ ದೂರು ಬರೆದುಕೊಳ್ಳುವವನು) ‘ಚೇಚಿ’ ಅನ್ನುತ್ತಾನೆ, ಮಂಗಳೂರಿನಲ್ಲಿ ‘ಅಕ್ಕ’ ಅನ್ನುತ್ತಾನೆ. ಎರಡೂ ಕಡೆ ಆಮೇಲಿನ ಪ್ರಶ್ನೆ ಮಾತ್ರ ಒಂದೇ: “ಸರ್ ಬರಲಿಲ್ವಾ?”

ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ, ಮಳೆಗಾಲ ಕಳೆದ ಮೇಲೆ ಕಾರಿನಿಂದ ಏನಾದರೊಂದು ಶಬ್ದ ಬಂದೇ ಬರುತ್ತದೆ. ನಮ್ಮ ಕಾರಿನಲ್ಲಿ ಮುಂದಿನ ಎಡಚಕ್ರದ ಹತ್ತಿರ ಟಕ್ ಟಕ್ ಅನ್ನಲು ಶುರುವಾಯಿತು. ಕಂಪನಿ ವಾರಂಟಿ ಇನ್ನೂ ಇತ್ತು. ವರ್ಕ್‌ಶಾಪಿನವರು ಒಂದು ದಿನ ಇಟ್ಟುಕೊಂಡರು. ಸಂಜೆ ಕಾರು ತೊಳೆದು, ವೀಲ್ ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ ಅಂತ ಬಿಲ್ ಮಾಡಿ, “ಟೆಸ್ಟ್ ಡ್ರೈವ್ ಮಾಡಿದೆವು, ಶಬ್ದ ಏನೂ ಇಲ್ಲ” ಅಂದರು. ಮನೆಗೆ ಬರುವ ದಾರಿಯಲ್ಲಿ ಶಬ್ದ ಹಾಗೇ ಇತ್ತು. ಇನ್ನೊಮ್ಮೆ ಬಿಟ್ಟಾಗ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಬೇಕು, ಅದು ವಾರಂಟಿಯಲ್ಲಿ ಬರುವುದಿಲ್ಲ ಅಂತ ದೊಡ್ಡ ಎಸ್ಟಿಮೇಟು ಕೊಟ್ಟರು. ಕೊನೆಗೆ ನೋಡಿದರೆ ಹಾಳಾಗಿದ್ದು ಒಂದು ಲಿಂಕ್ ರಾಡ್, ಅಂದರೆ ಸ್ಟೆಬಿಲೈಸರ್ ಲಿಂಕ್. ಅಂಗೈ ಉದ್ದದ ಸಣ್ಣ ಪಾರ್ಟು. ಅದು ವಾರಂಟಿಯಲ್ಲೇ ಬಂತು. ಹೇಗೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ, ಅದರಲ್ಲೇ ಮುಕ್ಕಾಲು ಪಾಲು ಉಪಾಯ ಇದೆ.

ಬಿಡುವ ಮೊದಲು

ದಿನ ನೋಡಿ ಬಿಡಿ. ಸೋಮವಾರ, ಶನಿವಾರ ಬೇಡ. ಓಣಂ ಮೊದಲಿನ ವಾರ ಅಂತೂ ಬೇಡವೇ ಬೇಡ. ಹೊಸ ಕಾರುಗಳ ಡೆಲಿವರಿ, ರಜೆಗೆ ಬಂದ ಗಲ್ಫಿನವರ ಕಾರುಗಳು ಎಲ್ಲ ಒಟ್ಟಿಗೆ ಬೀಳುತ್ತವೆ. ವಾರದ ಮಧ್ಯದಲ್ಲಿ, ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಅಡ್ವೈಸರಿಗೆ ನಿಮ್ಮ ಜೊತೆ ಕಾರಿನಲ್ಲಿ ಒಂದು ಸುತ್ತು ಬರಲು ಪುರುಸೊತ್ತು ಇರುತ್ತದೆ. ಹನ್ನೊಂದು ಗಂಟೆಗೆ ಹೋದರೆ ಇರುವುದಿಲ್ಲ.

ಶಬ್ದದ ದೂರು ಇದ್ದರೆ ಮೊದಲೇ ವೀಡಿಯೊ ಮಾಡಿ. ಪಕ್ಕದಲ್ಲಿ ಕೂತವರು ಮಾಡಲಿ, ನೀವು ಓಡಿಸುತ್ತಾ ಮಾಡಬೇಡಿ. ಗಾಜು ಏರಿಸಿ, ಎಸಿ, ರೇಡಿಯೊ ಬಂದ್ ಮಾಡಿ. ಯಾವ ರಸ್ತೆ, ಎಷ್ಟನೇ ಗೇರು, ಎಷ್ಟು ವೇಗ, ಬ್ರೇಕ್ ಒತ್ತಿದಾಗಲಾ, ಸ್ಟೇರಿಂಗ್ ತಿರುಗಿಸಿದಾಗಲಾ ಅನ್ನುವುದನ್ನು ವೀಡಿಯೊದಲ್ಲೇ ಬಾಯಿಬಿಟ್ಟು ಹೇಳಿ. ವರ್ಕ್‌ಶಾಪಿನವರು ಟೆಸ್ಟ್ ಡ್ರೈವಿಗೆ ಹೋಗುವುದು ಆರು ಪಥದ ಹೊಸ ಹೈವೇಗೆ. ಆ ಹೈವೇಯಲ್ಲಿ ಎತ್ತಿನಗಾಡಿ ಓಡಿಸಿದರೂ ಶಬ್ದ ಬರಲಿಕ್ಕಿಲ್ಲ! ಲಿಂಕ್ ರಾಡಿನ ಶಬ್ದ ಬರುವುದು ಸಣ್ಣ ಸಣ್ಣ ಹೊಂಡದಲ್ಲಿ, ನಿಧಾನ ಹೋಗುವಾಗ.

ಇನ್ನೊಂದು ಕೆಲಸ. ನಿಮ್ಮೂರಿನ ಗ್ಯಾರೇಜಿನವರಿಗೆ ಮೊದಲು ತೋರಿಸಿ. ಬಿಚ್ಚಿಸಬೇಡಿ, ತೋರಿಸಿ ಅಷ್ಟೇ. ನಮ್ಮಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಇಚ್ಚ ಅಂತಲೇ ಕರೆಯುವುದು. ಅವರು ಜ್ಯಾಕ್ ಹಾಕಿ ಕೈಯಲ್ಲಿ ಅಲ್ಲಾಡಿಸಿ ನೋಡಿ, “ಲಿಂಕ್ ರಾಡ್ ಹೋಗಿದೆ. ವಾರಂಟಿ ಉಂಟಲ್ಲ, ನಾನು ಮುಟ್ಟುವುದಿಲ್ಲ. ಅವರ ಹತ್ತಿರವೇ ಹಾಕಿಸಿ” ಅಂದರು. ಚಹಾದ ದುಡ್ಡೂ ತೆಗೆದುಕೊಳ್ಳಲಿಲ್ಲ. ಕಾಯಿಲೆಯ ಹೆಸರು ಗೊತ್ತಿದ್ದು ಹೋದರೆ ಆ ಕಡೆಯವರ ಮಾತಿನ ಧಾಟಿಯೇ ಬೇರೆ ಆಗುತ್ತದೆ.

ಕಾರಿನ ಸುತ್ತ ಒಂದು ವೀಡಿಯೊ, ಕಿಲೋಮೀಟರ್ ಮತ್ತು ಪೆಟ್ರೋಲ್ ಮುಳ್ಳಿನ ಫೋಟೊ, ಡಿಕ್ಕಿಯಲ್ಲಿ ಸ್ಟೆಪ್ನಿ ಮತ್ತು ಜ್ಯಾಕಿನ ಫೋಟೊ. ಇಷ್ಟನ್ನು ವರ್ಕ್‌ಶಾಪಿನ ಅಂಗಳದಲ್ಲೇ, ಅವರಿಗೆ ಕಾಣುವ ಹಾಗೆ ತೆಗೆಯಿರಿ. ನೀವು ಫೋಟೊ ತೆಗೆದದ್ದನ್ನು ಅವರು ನೋಡಿದರೆ ಅರ್ಧ ಕೆಲಸ ಆದ ಹಾಗೆ.

ಜಾಬ್ ಕಾರ್ಡ್

ಇಲ್ಲಿ ಅವಸರ ಮಾಡಬೇಡಿ. ಹಿಂದೆ ನಾಲ್ಕು ಜನ ಕಾಯುತ್ತಿದ್ದರೆ ಕಾಯಲಿ.

ಜಾಬ್ ಕಾರ್ಡಿನಲ್ಲಿ ‘ಕಸ್ಟಮರ್ ವಾಯ್ಸ್’ ಅಂತ ಒಂದು ಜಾಗ ಇರುತ್ತದೆ. ಗಿರಾಕಿ ಏನು ಹೇಳಿದರು ಅನ್ನುವುದನ್ನು ಅಲ್ಲಿ ಬರೆಯಬೇಕು. ಅಡ್ವೈಸರ್ ಅದನ್ನು ತನಗೆ ಬೇಕಾದ ಹಾಗೆ ಚಿಕ್ಕದು ಮಾಡುತ್ತಾನೆ. ನಾನು ಐದು ನಿಮಿಷ ವಿವರಿಸಿದ್ದು ಮೊದಲ ಸಲ ‘ನಾಯ್ಸ್ ಚೆಕ್, ಜನರಲ್ ಚೆಕಪ್’ ಅಂತ ಆಗಿತ್ತು. ಕೆಳಗೆ ಕೆಲಸ ಮಾಡುವ ಹುಡುಗನಿಗೆ ಸಿಗುವುದು ಆ ನಾಲ್ಕು ಪದ ಮಾತ್ರ. ನೀವು ಹೇಳಿದ್ದು ಅವನ ಕಿವಿಗೆ ಬಿದ್ದೇ ಇರುವುದಿಲ್ಲ. ಗಿರಾಕಿಯನ್ನು ಗಾಜಿನ ಈಚೆ ಸೋಫಾದಲ್ಲಿ ಕೂರಿಸಿ ಕಾಫಿ ಕೊಡುತ್ತಾರಲ್ಲ, ಅದು ಮರ್ಯಾದೆಯೂ ಹೌದು, ದೂರ ಇಡುವ ಉಪಾಯವೂ ಹೌದು.

ಹಾಗಾಗಿ ನಿಮ್ಮ ಮಾತನ್ನೇ ಟೈಪ್ ಮಾಡಿಸಿ. ನಾನು ಎರಡನೇ ಸಲ ಬರೆಸಿದ್ದು ಹೀಗೆ: “ಮುಂದಿನ ಎಡಚಕ್ರದ ಕಡೆಯಿಂದ ಟಕ್ ಟಕ್ ಶಬ್ದ. ಎರಡನೇ ಗೇರ್, 20 ಕಿಲೋಮೀಟರ್ ವೇಗ, ಸಣ್ಣ ಹೊಂಡ ಮತ್ತು ಹಂಪಿನಲ್ಲಿ ಮಾತ್ರ. ಹೋದ ಸಲವೂ ಇದೇ ದೂರು, ಸರಿಯಾಗಿಲ್ಲ. ಸ್ಟೆಬಿಲೈಸರ್ ಲಿಂಕ್ ನೋಡಬೇಕು. ಗಿರಾಕಿ ಜೊತೆಯಲ್ಲಿ ರೋಡ್ ಟೆಸ್ಟ್ ಆಗಬೇಕು.” ಇದರಲ್ಲಿ ‘ಹೋದ ಸಲವೂ ಇದೇ ದೂರು’ ಅನ್ನುವ ಸಾಲು ಮುಖ್ಯ. ಒಂದೇ ದೂರು ಮತ್ತೆ ಬಂದರೆ ಅದು ‘ರಿಪೀಟ್ ಜಾಬ್’. ಅದರ ಲೆಕ್ಕ ಮೇಲಿನವರು ಕೇಳುತ್ತಾರೆ, ಹಾಗಾಗಿ ಅದನ್ನು ಬರೆಯಲು ಅಡ್ವೈಸರಿಗೆ ಮನಸ್ಸಿರುವುದಿಲ್ಲ. “ಬೇಡ ಚೇಚಿ, ನಾನೇ ನೋಡಿ ಮಾಡಿಸ್ತೇನೆ” ಅನ್ನುತ್ತಾನೆ. ನಗುತ್ತಲೇ ಬರೆಸಿ.

ಭಾಷೆಯ ಪ್ರಶ್ನೆ ಬರುತ್ತದೆ. ಮಾತು ಮಲಯಾಳದಲ್ಲಿ, ಕಾರ್ಡು ಇಂಗ್ಲಿಷಿನಲ್ಲಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮಗೆ ಸರಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಅವಕಾಶ ಇದೆ. ಆದರೆ ಅದು ಕಾರಿನ ವರ್ಕ್‌ಶಾಪಿಗೆ ಅನ್ವಯಿಸುವುದಿಲ್ಲ. ಇಂಗ್ಲಿಷ್ ಕಷ್ಟ ಆದರೆ ಮನೆಯ ಮಕ್ಕಳ ಹತ್ತಿರ ಮೂರು ಸಾಲು ಬರೆಸಿ ವಾಟ್ಸಾಪಿನಲ್ಲಿ ಇಟ್ಟುಕೊಳ್ಳಿ, ಅಡ್ವೈಸರಿಗೆ ಕಳಿಸಿ, “ಇದನ್ನೇ ಹಾಕಿ” ಅನ್ನಿ. ಕಾಸರಗೋಡಿನ ಕನ್ನಡಿಗರು, ಊರು ಕೇರಳಕ್ಕೆ ಸೇರಿದ 1956ರಿಂದ ಅರ್ಜಿ ಬರೆಯುತ್ತಲೇ ಇದ್ದೇವೆ, ಇದೇನು ಮಹಾ, ಅಲ್ವಾ?

ಸಹಿ ಹಾಕುವ ಮೊದಲು ಕಾರ್ಡಿನಲ್ಲಿ ಇನ್ನೂ ಮೂರು ವಿಷಯ ಇರಬೇಕು. ಅಂದಾಜು ಖರ್ಚು, ಅದಕ್ಕಿಂತ ಜಾಸ್ತಿ ಆಗುವುದಾದರೆ ಮೊದಲು ಮೆಸೇಜಿನಲ್ಲಿ ಒಪ್ಪಿಗೆ ಕೇಳಬೇಕು ಅನ್ನುವ ಮಾತು. ಕಾರು ಕೊಡುವ ದಿನ ಮತ್ತು ಹೊತ್ತು. ಬದಲಿಸಿದ ಹಳೆಯ ಪಾರ್ಟು ವಾಪಸ್ ಬೇಕು ಅನ್ನುವುದು. ವಾರಂಟಿಯಲ್ಲಿ ಬದಲಿಸಿದ ಪಾರ್ಟು ಕಂಪನಿಗೆ ಹೋಗುತ್ತದೆ, ಅದು ಸಿಗುವುದಿಲ್ಲ. ದುಡ್ಡು ಕೊಟ್ಟು ಹಾಕಿಸಿದ್ದರ ಹಳೆಯದು ನಿಮ್ಮದೇ. ಅದನ್ನು ಗುಜರಿಗೆ ಹಾಕಿದರೂ ಪರವಾಗಿಲ್ಲ, ಆದರೆ ಕೇಳಿ. ಕೇಳುವವರ ಕಾರಿನಲ್ಲಿ ಬದಲಿಸದೆ ಬಿಲ್ ಮಾಡುವ ಧೈರ್ಯ ಬರುವುದಿಲ್ಲ.

ಈಗ ಎಷ್ಟೋ ಕಡೆ ಕಾಗದ ಇಲ್ಲ, ಟ್ಯಾಬಿನಲ್ಲಿ ಬರೆದು ಫೋನಿಗೆ ಒಟಿಪಿ ಕಳಿಸುತ್ತಾರೆ. “ಒಂದು ಒಟಿಪಿ ಬಂದಿರಬೇಕು, ಹೇಳಿ ಮೇಡಂ” ಅನ್ನುತ್ತಾರೆ. ಆ ಒಟಿಪಿ ಅಂದರೆ ನಿಮ್ಮ ಸಹಿ. ಟ್ಯಾಬನ್ನು ನಿಮ್ಮ ಕಡೆ ತಿರುಗಿಸಿ, ಓದಿ, ಆಮೇಲೆ ಹೇಳಿ. ಕಾರ್ಡಿನ ಪಿಡಿಎಫ್ ಫೋನಿಗೆ ಬಂತಾ ನೋಡಿ, ಆಮೇಲೆ ಕೀ ಕೊಡಿ.

ನನ್ನ ಲಿಂಕ್ ರಾಡಿನ ಕಥೆ ಮುಗಿದದ್ದು ಈ ಜಾಬ್ ಕಾರ್ಡ್ ಬರೆಯುವ ಮೇಜಿನಲ್ಲೇ. ಶಾಕ್ ಅಬ್ಸಾರ್ಬರ್ ಎಸ್ಟಿಮೇಟು ಕೊಟ್ಟಾಗ ನಾನು ಎರಡು ಪ್ರಶ್ನೆ ಕೇಳಿದೆ. ಶಾಕಿನಿಂದ ಆಯಿಲ್ ಸೋರಿದೆಯಾ? ಸೋರಿದ್ದರೆ ಫೋಟೊ ಕಳಿಸಿ. ಸೋರದಿದ್ದರೆ ಅದು ಹಾಳಾಗಿದೆ ಅಂತ ಹೇಗೆ ಗೊತ್ತಾಯಿತು, ಅದನ್ನು ಕಾರ್ಡಿನಲ್ಲಿ ಬರೆದುಕೊಡಿ. ಬರೆದುಕೊಡಲು ಯಾರೂ ತಯಾರಿರಲಿಲ್ಲ. ಆಮೇಲೆ ಮೆಕ್ಯಾನಿಕ್‌ಗಳ ಕೆಲಸ ನೋಡಿಕೊಳ್ಳುವ ಫ್ಲೋರ್ ಸೂಪರ್‌ವೈಸರ್ ಬಂದರು. ಐವತ್ತು ದಾಟಿದವರು, ಕೈಯೆಲ್ಲ ಗ್ರೀಸು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇ ಬಿಟ್ಟು ಒಂದು ಒಳರಸ್ತೆಗೆ ಕಾರು ತಿರುಗಿಸಿದೆ. ಎರಡು ಹೊಂಡ ದಾಟುವಷ್ಟರಲ್ಲಿ ಅವರು, “ಲಿಂಕ್” ಅಂದರು. ಅಷ್ಟೇ. ಅವತ್ತೇ ವಾರಂಟಿ ಕ್ಲೇಮಿಗೆ ಹಾಕಿದರು. ಅಲೈನ್‌ಮೆಂಟಿಗೆ ಕೊಟ್ಟ ದುಡ್ಡು ವಾಪಸ್ ಕೇಳಿದ್ದಕ್ಕೆ, “ಮುಂದಿನ ಸರ್ವಿಸಿನಲ್ಲಿ ಕಳೆಯುತ್ತೇವೆ” ಅಂದರು. ಅದನ್ನೂ ಮೆಸೇಜಿನಲ್ಲಿ ಹಾಕಿಸಿಕೊಂಡೆ. ಕಳೆದರು.

ಕಾರಿನ ಬಗ್ಗೆ ನಿಜವಾಗಿ ಗೊತ್ತಿರುವವರು ಆ ಗಾಜಿನ ಆಚೆಯವರು. ಈಚೆ ಟೈ ಕಟ್ಟಿಕೊಂಡು ಕೂತ ಹುಡುಗನಿಗೆ ಗೊತ್ತಿರುವುದು ರೇಟು ಮತ್ತು ಟಾರ್ಗೆಟ್. ಅವನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ, ಪಾಪ, ಅವನಿಗೆ ಎರಡೂ ಕಡೆಯಿಂದ ಬೈಗುಳ. “ಫ್ಲೋರ್ ಸೂಪರ್‌ವೈಸರನ್ನು ಒಮ್ಮೆ ಕರೆಯಿರಿ” ಅಂತ ಮೆತ್ತಗೆ ಕೇಳಿ.

ಬೇಡದ ಕೆಲಸಗಳು

ಎಂಜಿನ್ ಫ್ಲಶಿಂಗ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿ ಡಿಸ್‌ಇನ್‌ಫೆಕ್ಷನ್, ಇಂಟೀರಿಯರ್ ಕ್ಲೀನಿಂಗ್, ಇಲಿ ಬಾರದ ಹಾಗೆ ಸ್ಪ್ರೇ. ಸರ್ವಿಸಿಗೆ ಹೋದಾಗೆಲ್ಲ ಈ ಪಟ್ಟಿ ಓದುತ್ತಾರೆ. ಇವುಗಳ ಮೇಲೆ ಅಡ್ವೈಸರುಗಳಿಗೆ ಟಾರ್ಗೆಟ್ ಇರುತ್ತದೆ. ಒಂದೇ ಪ್ರಶ್ನೆ ಸಾಕು: “ಓನರ್ಸ್ ಮ್ಯಾನ್ಯುವಲಿನಲ್ಲಿ ಇದು ಯಾವ ಪುಟದಲ್ಲಿದೆ?” ಯಾವ ಕಿಲೋಮೀಟರಿಗೆ ಯಾವುದನ್ನು ಬದಲಿಸಬೇಕು, ಯಾವ ಗ್ರೇಡಿನ ಆಯಿಲ್ ಎಷ್ಟು ಲೀಟರ್ ಅನ್ನುವ ಟೇಬಲ್ ಆ ಪುಸ್ತಕದ ಕೊನೆಯ ಕಡೆ ಇರುತ್ತದೆ. ಆ ಪುಟದ ಫೋಟೊ ಫೋನಿನಲ್ಲಿರಲಿ. ಅದರಲ್ಲಿ ಇಲ್ಲದ್ದಕ್ಕೆ ಸುಮ್ನೆ ಬೇಡ ಅನ್ನಿ, ಕಾರಣ ಕೊಡಬೇಕಾಗಿಲ್ಲ.

ಇನ್ನು ‘ಸವೆದಿದೆ’ ಅನ್ನುವ ಮಾತು. ಸವೆತಕ್ಕೆ ಅಳತೆ ಇದೆ. ಬ್ರೇಕ್ ಪ್ಯಾಡ್ ಹೋಗಿದೆ ಅಂದರೆ ಎಷ್ಟು ಮಿಲಿಮೀಟರ್ ಉಳಿದಿದೆ ಕೇಳಿ. ಹೊಸದು ಸುಮಾರು 10 ಮಿಲಿಮೀಟರ್ ಇರುತ್ತದೆ, 3ರ ಹತ್ತಿರ ಬಂದರೆ ಬದಲಿಸಬೇಕು. 6 ಇದ್ದಾಗ ‘ಈಗಲೇ ಮಾಡಿಸಿದರೆ ಒಳ್ಳೆಯದು’ ಅಂದರೆ ಒಳ್ಳೆಯದು ಯಾರಿಗೆ? ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಆ ಟೈರು ಓಡಿಸುವ ಹಾಗಿಲ್ಲ. ನಮ್ಮ ಕಡೆಯ ಮಳೆಗೆ ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ಬ್ಯಾಟರಿ ವೀಕ್ ಅಂದರೆ ಟೆಸ್ಟರಿನ ಪ್ರಿಂಟ್ ಕೇಳಿ. ಎಂಜಿನ್ ಲೈಟ್ ಹತ್ತಿದೆ ಅಂದರೆ ಸ್ಕ್ಯಾನರಿನಲ್ಲಿ ಬಂದ ಕೋಡ್ ಏನು ಅಂತ ಕಾರ್ಡಿನಲ್ಲಿ ಬರೆಸಿ. ‘ಪಿ’ ಅಕ್ಷರ ಮತ್ತು ನಾಲ್ಕು ಅಂಕಿ ಇರುತ್ತದೆ. ಅದು ಕೈಯಲ್ಲಿದ್ದರೆ ಬೇರೆ ಯಾವ ಮೆಕ್ಯಾನಿಕ್ ಹತ್ತಿರವೂ ಎರಡನೇ ಅಭಿಪ್ರಾಯ ಕೇಳಬಹುದು.

ಎಸಿ ಗ್ಯಾಸಿನ ವಿಷಯದಲ್ಲಿ ಎಲ್ಲರೂ ದುಡ್ಡು ಕಳೆದುಕೊಳ್ಳುತ್ತಾರೆ. ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖಾಲಿ ಆಗುವುದಿಲ್ಲ, ಅದು ಮುಚ್ಚಿದ ಪೈಪುಗಳ ಒಳಗೆ ಸುತ್ತುತ್ತಿರುತ್ತದೆ. ಒಂದೆರಡು ವರ್ಷದಲ್ಲೇ ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಎಲ್ಲಿ ಅಂತ ಹುಡುಕದೆ ತುಂಬಿಸಿದರೆ ಮುಂದಿನ ಬೇಸಗೆಗೆ ಮತ್ತೆ ಅದೇ ಬಿಲ್. ಕೂಲೆಂಟ್ ಪದೇ ಪದೇ ಕಡಿಮೆ ಆಗುವುದಕ್ಕೂ ಇದೇ ಮಾತು.

ಅಡಿಕೆ ತೋಟದ ನಡುವೆ ಕಾರು ನಿಲ್ಲಿಸುವವರಿಗೆ ಇಲಿಕಾಟ ತಪ್ಪಿದ್ದಲ್ಲ. ವೈರು ಕಡಿದರೆ ವಾರಂಟಿಯಲ್ಲಿ ಬರುವುದಿಲ್ಲ. ಆದರೆ ವರ್ಕ್‌ಶಾಪಿನವರು ಪೂರ್ತಿ ವೈರಿಂಗ್ ಸೆಟ್ ಬದಲಿಸಬೇಕು ಅಂದಾಗ ಎಲ್ಲಿ ಕಡಿದಿದೆ, ಎಷ್ಟು ವೈರು ಅಂತ ಕಣ್ಣಾರೆ ನೋಡಿ. ಒಂದೆರಡು ವೈರಾದರೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಜೋಡಿಸಿ ಕೊಡುತ್ತಾರೆ. ಏರ್‌ಬ್ಯಾಗಿನ ವೈರಿಗೆ ಮಾತ್ರ ಜೋಡಣೆ ಬೇಡ, ಅಲ್ಲಿ ಹೊಸದೇ ಹಾಕಿಸಿ. ದೊಡ್ಡ ಖರ್ಚು ಆಗುವುದಾದರೆ ಬಿಚ್ಚುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ. ಅವರ ಕಡೆಯಿಂದ ನಷ್ಟ ಅಂದಾಜು ಮಾಡಲು ಬರುವ ಸರ್ವೇಯರ್ ನೋಡುವ ಮೊದಲು ಬಿಚ್ಚಿಟ್ಟರೆ ಕ್ಲೇಮಿಗೆ ತಕರಾರು ಬರುತ್ತದೆ.

ಅಂಡರ್‌ಬಾಡಿ ಕೋಟಿಂಗ್ ನಾನು ಮಾಡಿಸಿದ್ದೇನೆ. ಕುಂಬಳೆ, ಮಂಜೇಶ್ವರದ ಉಪ್ಪು ಗಾಳಿ, ವರ್ಷದಲ್ಲಿ ನಾಲ್ಕು ತಿಂಗಳ ಕೆಸರು ನೋಡಿದರೆ ಅದು ದಂಡ ಅನ್ನಿಸುವುದಿಲ್ಲ. ಪ್ರತಿ ಸರ್ವಿಸಿನಲ್ಲೂ ‘ಟಚಪ್’ ಅಂತ ಬಿಲ್ ಹಾಕಲು ಬಿಡುವುದಿಲ್ಲ ಅಷ್ಟೇ.

ಕಾರು ಅಲ್ಲಿರುವಾಗ

ಫೋನ್ ಬರುತ್ತದೆ, ಅಥವಾ ಬರುವುದೇ ಇಲ್ಲ. ಬಂದರೆ, ಮಾತು ಮುಗಿದ ಕೂಡಲೇ ಒಂದು ಮೆಸೇಜ್ ಹಾಕಿ: “ನೀವು ಈಗ ಫೋನಿನಲ್ಲಿ ಹೇಳಿದ ಪ್ರಕಾರ ಪಾರ್ಟು ಗುರುವಾರ ಬರುತ್ತದೆ, ಶುಕ್ರವಾರ ಸಂಜೆ ಕಾರು ಸಿಗುತ್ತದೆ. ಹೆಚ್ಚಿನ ಖರ್ಚು ಇಲ್ಲ. ತಪ್ಪಿದ್ದರೆ ತಿಳಿಸಿ.” ಉತ್ತರ ಬಾರದಿದ್ದರೂ ಪರವಾಗಿಲ್ಲ, ನೀಲಿ ಗೆರೆ ಬಿದ್ದರೆ ಸಾಕು. ‘ಪಾರ್ಟು ಬಂದಿಲ್ಲ’ ಅನ್ನುವುದು ಮೂರನೇ ದಿನವೂ ಬಂದರೆ ಆರ್ಡರ್ ನಂಬರ್ ಮತ್ತು ಆರ್ಡರ್ ಹಾಕಿದ ತಾರೀಕು ಕೇಳಿ. ಎಷ್ಟೋ ಸಲ ಆರ್ಡರ್ ಹೋಗುವುದು ನೀವು ಕೇಳಿದ ಮೇಲೆಯೇ.

ಬಿಲ್ಲು

ದುಡ್ಡು ಕೊಡುವ ಮೊದಲು ಎರಡು ಕೆಲಸ: ಕಾರು ಓಡಿಸಿ ನೋಡುವುದು, ಬಿಲ್ಲಿನ ಕರಡು ಓದುವುದು. ‘ಪೇಮೆಂಟ್ ಆದ ಮೇಲೆ ಗೇಟ್ ಪಾಸ್, ಆಮೇಲೆ ಕಾರು’ ಅನ್ನುತ್ತಾರೆ. ಗೇಟ್ ಪಾಸ್ ಆಮೇಲೆ ಕೊಡಲಿ, ಅವರ ಕಡೆಯ ಒಬ್ಬರನ್ನು ಕೂರಿಸಿಕೊಂಡು ಓಡಿಸಿ ನೋಡಲು ಏನು ತೊಂದರೆ?

ಬಿಲ್ಲಿನಲ್ಲಿ ಪಾರ್ಟು ಬೇರೆ, ಲೇಬರ್ ಬೇರೆ ಇರುತ್ತದೆ. ಪಾರ್ಟಿನ ಡಬ್ಬಿಯ ಮೇಲೆ ಎಂಆರ್‌ಪಿ ಇದೆ, ಅದರಲ್ಲಿ ತೆರಿಗೆ ಸೇರಿದೆ. ಬಿಲ್ಲಿನಲ್ಲಿ ಬೆಲೆ ಮತ್ತು ಜಿಎಸ್‌ಟಿ ಕೂಡಿಸಿದಾಗ ಎಂಆರ್‌ಪಿ ದಾಟಬಾರದು. ಹಾಗಾಗಿ ಡಬ್ಬಿ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಲೇಬರಿಗೂ 18. ಬಿಲ್ಲಿನಲ್ಲಿ ಎಲ್ಲಾದರೂ 28 ಕಂಡರೆ ಬೆರಳಿಟ್ಟು ತೋರಿಸಿ. ಲೇಬರ್ ಅನ್ನುವುದು ಕಾರು ಎಷ್ಟು ದಿನ ಅಲ್ಲಿತ್ತು ಅನ್ನುವುದರ ಮೇಲಲ್ಲ, ಆ ಕೆಲಸಕ್ಕೆ ಇಷ್ಟು ಹೊತ್ತು ಅಂತ ಮೊದಲೇ ಗೊತ್ತು ಮಾಡಿದ ಲೆಕ್ಕದ ಮೇಲೆ. ಹಾಗಾಗಿ ಒಂದೇ ಜಾಗ ಬಿಚ್ಚಿ ಎರಡು ಕೆಲಸ ಮಾಡಿ, ಬಿಚ್ಚಿದ್ದಕ್ಕೆ ಎರಡು ಸಲ ಲೇಬರ್ ಹಾಕಿದ್ದಾರಾ ನೋಡಿ. ಆಯಿಲ್ ಎಷ್ಟು ಲೀಟರ್ ಅಂತ ಬರೆದಿದ್ದಾರೋ ಅದನ್ನು ಮ್ಯಾನ್ಯುವಲಿನ ಜೊತೆ ತಾಳೆ ಹಾಕಿ. ಫ್ರೀ ಸರ್ವಿಸ್ ಅಂದರೆ ಲೇಬರ್ ಮಾತ್ರ ಫ್ರೀ. ಆಯಿಲ್, ಫಿಲ್ಟರಿಗೆ ದುಡ್ಡು ಕೊಡಬೇಕು, ಅದರಲ್ಲಿ ಮೋಸ ಇಲ್ಲ.

ಒಪ್ಪದ ಬಿಲ್ಲಿಗೆ ದುಡ್ಡು ಕೊಡುವುದಿಲ್ಲ ಅಂತ ಹಟ ಹಿಡಿದರೆ ಏನಾಗುತ್ತದೆ? ಕಾರು ಬಿಡುವುದಿಲ್ಲ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ರಿಪೇರಿ ಮಾಡಿದವನು ಆ ಕೆಲಸದ ನ್ಯಾಯವಾದ ಕೂಲಿ ಬರುವವರೆಗೆ ವಸ್ತು ಹಿಡಿದಿಟ್ಟುಕೊಳ್ಳಬಹುದು. ಅಲ್ಲಿ ನಿಂತು ಕೂಗಾಡಿದರೆ ನಿಮಗೇ ನಷ್ಟ. ಹಾಗಾಗಿ ದುಡ್ಡು ಕೊಡಿ, ಆದರೆ ಅವರ ಪ್ರತಿಯ ಮೇಲೂ ನಿಮ್ಮ ಪ್ರತಿಯ ಮೇಲೂ ‘ಪೇಯ್ಡ್ ಅಂಡರ್ ಪ್ರೊಟೆಸ್ಟ್’ (ಆಕ್ಷೇಪ ಇಟ್ಟುಕೊಂಡೇ ಕೊಟ್ಟದ್ದು) ಅಂತ ಬರೆದು, ಯಾವ ಐಟಂ ಒಪ್ಪಿಲ್ಲ ಅಂತ ಸೇರಿಸಿ ಸಹಿ ಹಾಕಿ. ‘ಕೆಲಸ ತೃಪ್ತಿಕರ’ ಅನ್ನುವ ಸಾಲಿನ ಕೆಳಗೆ ಸಹಿ ಬೇಡ. ನಗದು ಬೇಡ, ಯುಪಿಐ ಅಥವಾ ಕಾರ್ಡ್.

ಮೂರು ನಾಲ್ಕು ದಿನ ಕಳೆದು ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತದೆ. ಅದಕ್ಕೆ ಮೊದಲೇ ಅಡ್ವೈಸರ್ ಕೈ ಮುಗಿದಿರುತ್ತಾನೆ: “ಚೇಚಿ, 10 ಕೊಡಿ. 8 ಕೊಟ್ಟರೂ ನನಗೆ ಪ್ರಾಬ್ಲಂ.” ಅವನ ಇನ್ಸೆಂಟಿವ್ ಅದರ ಮೇಲಿದೆ. ಕೆಲಸ ಆಗಿದ್ದರೆ ಧಾರಾಳವಾಗಿ 10 ಕೊಡಿ. ಆಗದಿದ್ದರೆ, “ಕಾಲ್ ಬರುವ ಮೊದಲು ಸರಿಮಾಡಿ ಕೊಡಿ, 10 ಕೊಡ್ತೇನೆ” ಅನ್ನಿ. ನಮ್ಮ ಕೈಯಲ್ಲಿರುವ ಒಳ್ಳೆಯ ಆಯುಧ ಇದು, ಸುಮ್ಮನೆ ಕಳೆದುಕೊಳ್ಳಬೇಡಿ.

ವಾರಂಟಿಯ ಹೆದರಿಕೆ

“ಹೊರಗೆ ಮುಟ್ಟಿಸಿದರೆ ವಾರಂಟಿ ಹೋಗುತ್ತದೆ” ಅಂತ ಹೆದರಿಸುತ್ತಾರೆ. 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. ಬಿಡಿಭಾಗ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡುತ್ತಿದ್ದಾರೆ ಅನ್ನುವುದು ಆರೋಪ. ಹೊರಗೆ ರಿಪೇರಿ ಮಾಡಿಸಿದರು ಅನ್ನುವ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಮಾಡುವಂತಿಲ್ಲ, ಆ ರಿಪೇರಿಯಿಂದ ಹಾಳಾದ ಭಾಗಕ್ಕೆ ಮಾತ್ರ ನಿರಾಕರಿಸಬಹುದು ಅಂತಲೂ ಆ ಆದೇಶದಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ವಿಷಯ. ನನ್ನ ಅಭಿಪ್ರಾಯ ಕೇಳಿದರೆ, ವಾರಂಟಿ ಇರುವಷ್ಟು ದಿನ ವೈರಿಂಗ್ ಕತ್ತರಿಸಿ ಹಾರ್ನು, ಲೈಟು, ಸ್ಟೀರಿಯೊ ಹಾಕಿಸಬೇಡಿ. ಕ್ಲೇಮ್ ತಿರಸ್ಕರಿಸಲು ಅವರಿಗೆ ಅದಕ್ಕಿಂತ ಸುಲಭದ ನೆಪ ಬೇರೆ ಇಲ್ಲ. ಪಂಕ್ಚರ್, ಬಲ್ಬ್, ವೈಪರ್ ಎಲ್ಲಿ ಬೇಕಾದರೂ ಮಾಡಿಸಿ.

ಇನ್ನೊಂದು. ವಾರಂಟಿ ಕೊಡುವುದು ಕಂಪನಿ, ಡೀಲರ್ ಅಲ್ಲ. ಕಾಸರಗೋಡಿನಲ್ಲಿ ಕೊಂಡ ಕಾರನ್ನು ಕಾಞಂಗಾಡಿಗೋ ಮಂಗಳೂರಿಗೋ ಅದೇ ಕಂಪನಿಯ ಯಾವುದೇ ಅಧಿಕೃತ ವರ್ಕ್‌ಶಾಪಿಗೆ ಒಯ್ಯಬಹುದು. ಕೆಎಲ್ ನಂಬರು ನೋಡಿ ಮಂಗಳೂರಿನವರು ‘ಅಲ್ಲೇ ತೋರಿಸಿ ಅಕ್ಕ’ ಅಂದರೆ ಒಪ್ಪಬೇಡಿ. ತಲಪಾಡಿ ಟೋಲಿನ ದುಡ್ಡು ಹೋಗುತ್ತದೆ ನಿಜ, ಆದರೆ ಒಂದು ಕಡೆ ಕೆಲಸ ಹದಗೆಟ್ಟರೆ ಇನ್ನೊಂದು ಕಡೆ ಹೋಗುವ ಅನುಕೂಲ ಗಡಿಯವರಿಗೆ ಇದೆ.

ಯಾವುದೂ ಆಗದಿದ್ದರೆ

ಬಾಯಿಮಾತು ನಿಲ್ಲಿಸಿ ಇಮೇಲ್ ಶುರು ಮಾಡಿ. ವರ್ಕ್ಸ್ ಮ್ಯಾನೇಜರಿಗೆ ಬರೆದು, ಕಾರು ಕಂಪನಿಯ ಕಸ್ಟಮರ್ ಕೇರಿಗೆ ಪ್ರತಿ ಹಾಕಿ. ರಿಜಿಸ್ಟ್ರೇಷನ್ ನಂಬರ್, ಜಾಬ್ ಕಾರ್ಡ್ ನಂಬರುಗಳು, ತಾರೀಕುಗಳು, ಏನು ತೊಂದರೆ, ಏನು ಆಗಬೇಕು, ಎಷ್ಟು ದಿನದೊಳಗೆ. ಅರ್ಧ ಪುಟ ಸಾಕು. ಸಿಟ್ಟು, ಬೇಸರ, ಮಾನಸಿಕ ಹಿಂಸೆ ಎಲ್ಲ ಈಗ ಬೇಡ. ಡೀಲರುಗಳ ಕೆಲಸ ನೋಡಲು ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಇರುತ್ತಾರೆ, ಅವರ ಎದುರು ಕಾರು ಪರೀಕ್ಷೆ ಆಗಬೇಕು ಅಂತ ಕೇಳಿ. ಈ ಒಂದು ಸಾಲಿಗೆ ವರ್ಕ್‌ಶಾಪುಗಳು ಎಚ್ಚೆತ್ತುಕೊಳ್ಳುತ್ತವೆ.

ಆಮೇಲೆ 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ಎಷ್ಟೋ ವಿಷಯ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನಮ್ಮ ಜಿಲ್ಲೆಯದು ಕಾಸರಗೋಡಿನಲ್ಲೇ ಇದೆ. ಗಡಿಯವರು ಗಮನಿಸಬೇಕಾದ್ದು ಇದು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ, ದೂರು ಕೊಡುವವರು ತಾವು ವಾಸ ಮಾಡುವ ಅಥವಾ ಕೆಲಸ ಮಾಡುವ ಊರಿನ ಆಯೋಗದಲ್ಲೇ ಕೊಡಬಹುದು. ಮಂಗಳೂರಿನ ವರ್ಕ್‌ಶಾಪಿನ ಮೇಲಿನ ದೂರಿಗೆ ಮಂಗಳೂರಿಗೆ ಓಡಾಡಬೇಕಾಗಿಲ್ಲ, ಅವರೇ ಇಲ್ಲಿಗೆ ಬರಬೇಕು. ನೀವು ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ಫೀಸ್ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ತೊಂದರೆ ಆದಂದಿನಿಂದ ಎರಡು ವರ್ಷದೊಳಗೆ ಕೊಡಬೇಕು. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ, ಅಷ್ಟರಲ್ಲಿ ಮುಗಿಯುತ್ತದೆ ಅಂತ ನಂಬಿ ಕೂರಬೇಡಿ. ದೂರಿನಲ್ಲಿ ಡೀಲರನ್ನೂ ಕಾರು ಕಂಪನಿಯನ್ನೂ ಇಬ್ಬರನ್ನೂ ಸೇರಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಜಾಬ್ ಕಾರ್ಡುಗಳು, ಬಿಲ್ಲುಗಳು, ಮೆಸೇಜುಗಳ ಪ್ರಿಂಟು, ಇಮೇಲುಗಳು, ವೀಡಿಯೊ ಇರುವ ಪೆನ್‌ಡ್ರೈವ್ ಎಲ್ಲ ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿರಲಿ. ಕಾರ್ಡ್ ಮಷಿನಿನಿಂದ ಬರುವ ಸಣ್ಣ ರಸೀದಿ ಇದೆಯಲ್ಲ, ಅದರ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಅದನ್ನು ಬಂದ ದಿನವೇ ಝೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.